ಸೋತ ಕೈಗೆ ಕೆಲಸ ಕೊಡಿ

ಪಾರ್ಶ್ವವಾಯುವಿನ ಚಿಕಿತ್ಸೆ ಆಸ್ಪತ್ರೆಯಲ್ಲಿ ಶುರುವಾಗುತ್ತದೆ. ಚೇತರಿಕೆಯ ಬಹುಪಾಲು ನಡೆಯುವುದು ಮನೆಯ ಅಡುಗೆಕೋಣೆಯಲ್ಲಿ, ಪಡಸಾಲೆಯಲ್ಲಿ, ಮೆಟ್ಟಿಲಿನ ಮೇಲೆ. ಅಲ್ಲಿ ರೋಗಿಗೆ ಉಪಚಾರಕ್ಕಿಂತ ಹೆಚ್ಚಾಗಿ ಬೇಕಿರುವುದು ಅಭ್ಯಾಸ.

ಡಿಸ್ಚಾರ್ಜ್ ದಿನ ಕೈಗೆ ಬರುವ ಫೈಲಿನಲ್ಲಿ ಮಾತ್ರೆಗಳ ಪಟ್ಟಿ ಸ್ಪಷ್ಟವಾಗಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಯಾವಾಗ, ಬಿ.ಪಿ.ಯದು ಯಾವಾಗ, ಕೊಲೆಸ್ಟ್ರಾಲಿನದು ಯಾವಾಗ ಎಂದು ಹೊತ್ತುಹೊತ್ತಿಗೂ ಗುರುತು ಹಾಕಿರುತ್ತಾರೆ. ಎಷ್ಟೋ ಸಲ ಕೊನೆಯಲ್ಲಿ ಒಂದೇ ಸಾಲು: ಫಿಸಿಯೊಥೆರಪಿ ಮುಂದುವರಿಸುವುದು. ಯಾವ ವ್ಯಾಯಾಮ, ಎಷ್ಟು ಹೊತ್ತು, ಯಾರು ಮಾಡಿಸಬೇಕು, ಏನನ್ನು ಮಾಡಲೇಬಾರದು ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ. ಆಟೊ ಬಂದು ಮನೆ ಮುಂದೆ ನಿಂತಾಗ, ಗೇಟಿನಿಂದ ಬಾಗಿಲಿನ ತನಕ ಇರುವ ಮೆಟ್ಟಿಲುಗಳನ್ನು ಹತ್ತಿಸುವುದು ಹೇಗೆ ಎಂಬಲ್ಲಿಂದಲೇ ಮನೆಯವರ ಪರೀಕ್ಷೆ ಶುರುವಾಗುತ್ತದೆ.

ದಕ್ಷಿಣ ಬೆಂಗಳೂರಿನವರಿಗೆ ಆಸ್ಪತ್ರೆ ದೂರವಿಲ್ಲ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ನರರೋಗಿಗಳ ಪುನಶ್ಚೇತನಕ್ಕೆಂದೇ ಅಲ್ಲೊಂದು ಪ್ರತ್ಯೇಕ ವಿಭಾಗವಿದೆ. ಜಯನಗರದಲ್ಲಿ ಸರ್ಕಾರದ ಜನರಲ್ ಆಸ್ಪತ್ರೆ ಇದೆ. ಖಾಸಗಿ ಆಸ್ಪತ್ರೆಗಳಂತೂ ಬಡಾವಣೆಗೊಂದರಂತಿವೆ. ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರು 2023ರ ಆಗಸ್ಟ್ 30ರ ನಸುಕಿನಲ್ಲಿ ಪಾರ್ಶ್ವವಾಯುವಿನ ಲಕ್ಷಣ ಕಾಣಿಸಿಕೊಂಡು ಜಯನಗರದ ಅಪೊಲೊ ಆಸ್ಪತ್ರೆಗೆ ದಾಖಲಾದರು. ಮನೆಗೆ ಹೊರಡುವ ಮುನ್ನ ಪತ್ರಕರ್ತರ ಎದುರು ಕೂತು, ಇಂಥ ಲಕ್ಷಣ ಕಂಡರೆ ಒಂದು ಕ್ಷಣವನ್ನೂ ಕಳೆಯಬೇಡಿ ಎಂದು ಜನರನ್ನು ಕೇಳಿಕೊಂಡರು. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಲಕ್ವಕ್ಕೆ ನಾಟಿ ಔಷಧ ಕೊಡುವವರನ್ನು ಹುಡುಕಿಕೊಂಡು, ಪಾರಿವಾಳದ ರಕ್ತ ಹಚ್ಚಿಸಲು ಊರೂರು ಅಲೆದು, ಆ ಅವಧಿಯನ್ನು ಕೈಚೆಲ್ಲುವ ಕುಟುಂಬಗಳು ಇಂದಿಗೂ ಇವೆ.

ಆಸ್ಪತ್ರೆಗೆ ಬೇಗ ಹೋಗಬೇಕೆಂಬ ಅರಿವು ನಿಧಾನವಾಗಿಯಾದರೂ ಹರಡುತ್ತಿದೆ. ಅದರ ನಂತರದ ತಿಂಗಳುಗಳ ಬಗ್ಗೆ ಮಾತಾಡುವವರು ಕಡಿಮೆ. ಆಸ್ಪತ್ರೆಯ ವಾಸ ಕೆಲವು ದಿನಗಳದ್ದು. ಕೈಕಾಲು ಮತ್ತೆ ಕಲಿಯುವ ಕೆಲಸ ತಿಂಗಳುಗಟ್ಟಲೆಯದು, ಕೆಲವರಿಗೆ ವರ್ಷಗಟ್ಟಲೆಯದು. ಅದು ನಡೆಯುವ ಜಾಗ ನಮ್ಮ ಮನೆ. ಆ ಮನೆಯಲ್ಲಿ ರೋಗಿಯ ಕೆಲಸವನ್ನೆಲ್ಲ ಬೇರೆಯವರೇ ಮಾಡಿಬಿಟ್ಟರೆ, ಸೋತ ಕೈಗೆ ಕಲಿಯುವ ಅವಕಾಶವೇ ಉಳಿಯುವುದಿಲ್ಲ.

ಮಿದುಳು ಕಲಿಯುವುದು ಮಾಡಿಮಾಡಿಯೇ

ಪಾರ್ಶ್ವವಾಯುವಿನಲ್ಲಿ ಕೆಟ್ಟಿರುವುದು ಕೈಯೂ ಅಲ್ಲ, ಕಾಲೂ ಅಲ್ಲ. ಹೆಚ್ಚಿನವರಲ್ಲಿ ಅವುಗಳಿಗೆ ಅಪ್ಪಣೆ ಕೊಡುವ ಮಿದುಳಿನ ಭಾಗಕ್ಕೆ ರಕ್ತ ನಿಂತು, ಅಲ್ಲಿನ ಜೀವಕೋಶಗಳು ಸತ್ತಿರುತ್ತವೆ. ಸತ್ತ ಕೋಶ ಮತ್ತೆ ಹುಟ್ಟಿಬರುವುದಿಲ್ಲ. ಆದರೆ ಅದರ ಸುತ್ತಲಿನ ಭಾಗ ಕಳೆದುಹೋದ ಕೆಲಸದ ಒಂದಷ್ಟನ್ನು ವಹಿಸಿಕೊಳ್ಳಬಲ್ಲದು. ಅಮೆರಿಕದ ರಾಂಡಾಲ್ಫ್ ನುಡೊ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಕೈಯನ್ನು ಆಳುವ ಮಿದುಳಿನ ಭಾಗಕ್ಕೆ ಪೆಟ್ಟಾದ ಮಂಗಗಳಿಗೆ ಸಣ್ಣ ಗುಳಿಗಳಿಂದ ಕಾಳು ಹೆಕ್ಕುವ ತರಬೇತಿ ಕೊಟ್ಟರು. ಪೆಟ್ಟಿನಿಂದ ಪಾರಾಗಿ ಉಳಿದಿದ್ದ ಭಾಗದಲ್ಲಿ ಕೈಗೆ ಮೀಸಲಾದ ಜಾಗ ಕುಗ್ಗದೆ ಉಳಿಯಿತು, ಕೆಲವು ಮಂಗಗಳಲ್ಲಿ ಪಕ್ಕಕ್ಕೂ ಹಬ್ಬಿತು.

ಇನ್ನೊಂದು ಮುಖ್ಯ ಸಂಗತಿ ಎಡ್ವರ್ಡ್ ಟಾಬ್ ಎಂಬ ಮನಶ್ಶಾಸ್ತ್ರಜ್ಞರ ಅಧ್ಯಯನಗಳಿಂದ ಬಂತು. ಮೊದಲ ದಿನಗಳಲ್ಲಿ ಸೋತ ಕೈಯಿಂದ ಏನು ಮಾಡಹೋದರೂ ಆಗುವುದಿಲ್ಲ. ಒಳ್ಳೆಯ ಕೈಯಿಂದ ಎಲ್ಲವೂ ಸಲೀಸು. ಕೆಲವೇ ವಾರಗಳಲ್ಲಿ ಸೋತ ಕೈಯನ್ನು ಮರೆತೇಬಿಡುವುದು ರೂಢಿಯಾಗುತ್ತದೆ. ಮುಂದೆ ಆ ಕೈಗೆ ಸ್ವಲ್ಪ ಶಕ್ತಿ ಬಂದರೂ ಅದನ್ನು ಬಳಸಬೇಕೆಂದು ಹೊಳೆಯುವುದಿಲ್ಲ. ಈ ರೂಢಿಯನ್ನು ಮುರಿಯಲು ಒಳ್ಳೆಯ ಕೈಗೆ ಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುವ ವಿಧಾನ ಬಂತು. 2006ರಲ್ಲಿ ಪ್ರಕಟವಾದ ಎಕ್ಸೈಟ್ ಎಂಬ ಅಧ್ಯಯನದಲ್ಲಿ, ಪಾರ್ಶ್ವವಾಯು ಆಗಿ 3ರಿಂದ 9 ತಿಂಗಳು ಕಳೆದಿದ್ದ 222 ಮಂದಿಯ ಮೇಲೆ ಇದನ್ನು ಪರೀಕ್ಷಿಸಿದರು. ಎರಡು ವಾರ ಹೀಗೆ ಬಿಡದೆ ಅಭ್ಯಾಸ ಮಾಡಿದವರ ಕೈ ಉಳಿದವರ ಕೈಗಿಂತ ಚೆನ್ನಾಗಿ ಸುಧಾರಿಸಿತು. ಆ ಲಾಭ ಒಂದು ವರ್ಷದ ನಂತರವೂ ಉಳಿದಿತ್ತು. ಬೆರಳನ್ನೂ ಮಣಿಕಟ್ಟನ್ನೂ ಒಂದಿಷ್ಟಾದರೂ ಎತ್ತಬಲ್ಲವರಿಗೆ ಮಾತ್ರ ಈ ವಿಧಾನ ಹೊಂದುತ್ತದೆ. ತಜ್ಞರನ್ನು ಕೇಳದೆ ಮನೆಯಲ್ಲಿ ಒಳ್ಳೆಯ ಕೈ ಕಟ್ಟಿಹಾಕಿದರೆ ಸಮತೋಲ ತಪ್ಪಿ ಬೀಳುವ ಅಪಾಯವಿದೆ.

ಎಷ್ಟು ಸಲ ಮಾಡಬೇಕು ಎಂಬ ಪ್ರಶ್ನೆಯೂ ದೊಡ್ಡದು. ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಉತ್ತರ ಅಮೆರಿಕದ ಚಿಕಿತ್ಸಾ ಕೇಂದ್ರಗಳಲ್ಲಿ ಕುಳಿತು ಎಣಿಸಿದಾಗ, ಒಂದು ಅವಧಿಯಲ್ಲಿ ಕೈಗೆ ಸಿಗುತ್ತಿದ್ದ ಉಪಯುಕ್ತ ಚಲನೆಗಳು ಸರಾಸರಿ 32 ಮಾತ್ರ. ಪ್ರಾಣಿಗಳ ಮಿದುಳಿನಲ್ಲಿ ಬದಲಾವಣೆ ಕಂಡ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಚಲನೆಗಳಿದ್ದವು. ಫಿಸಿಯೊಥೆರಪಿಸ್ಟ್ ಬಂದು ಹೋಗುವ ಮುಕ್ಕಾಲು ಗಂಟೆಯಲ್ಲಿ ಇಷ್ಟೊಂದು ಅಭ್ಯಾಸ ಹಿಡಿಸುವುದಿಲ್ಲ. ಉಳಿದದ್ದು ದಿನದ ಬೇರೆ ಹೊತ್ತಿನಲ್ಲಿ, ಮನೆಗೆಲಸದ ನಡುವೆಯೇ ಆಗಬೇಕು.

ಹಿತಕಿದ ಬೇಳೆಯ ಪಾಠ

ಬನಶಂಕರಿ ಎರಡನೇ ಹಂತದಲ್ಲಿರುವ ನಮ್ಮ ದೊಡ್ಡಪ್ಪನಿಗೆ ಬಲಗೈ ಸೋತಿತ್ತು. ಅವರೆಕಾಯಿ ಕಾಲ. ಮಾಗಡಿ ಅವರೆ ಬಂದಿದೆಯೆಂದು ತರಿಸಿ, ಸುಲಿದು, ನೆನೆಹಾಕಿದ್ದ ಕಾಳಿನ ಬಟ್ಟಲನ್ನು ದೊಡ್ಡಮ್ಮ ಅವರ ಮುಂದಿಟ್ಟರು.

“ರೀ, ಬಲಗೈಯಲ್ಲೇ ಹಿತುಕಿ. ಎಡಗೈ ಮಡಿಲಲ್ಲಿರಲಿ.”

“ಇದು ಮುಗಿಯೋ ಹೊತ್ತಿಗೆ ಸಂಕ್ರಾಂತಿ ಬರುತ್ತೆ ಕಣೇ.”

“ಬರ್ಲಿ. ಅಲ್ಲೀವರ್ಗೂ ಹಿತುಕ್ತಿರಿ.”

ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಳನ್ನು ಹಿಡಿದು ಒತ್ತಿದರೆ ಸಿಪ್ಪೆ ಬಿಟ್ಟು ಬೇಳೆ ಚಿಮ್ಮಬೇಕು. ದೊಡ್ಡಪ್ಪನ ಹೆಬ್ಬೆರಳು ತೋರುಬೆರಳಿನ ತುದಿಗೆ ಬರುತ್ತಲೇ ಇರಲಿಲ್ಲ, ಪಕ್ಕದ ಗೆಣ್ಣಿಗೆ ಹೋಗಿ ತಾಗುತ್ತಿತ್ತು. ಕಾಳು ಜಾರಿ ನೆಲಕ್ಕೆ ಬೀಳುತ್ತಿತ್ತು, ಇಲ್ಲವೇ ಮುಷ್ಟಿಯೊಳಗೇ ಜಜ್ಜಿಹೋಗುತ್ತಿತ್ತು. ಒತ್ತುವ ಭರದಲ್ಲಿ ಭುಜ ಕಿವಿಯ ಹತ್ತಿರಕ್ಕೆ ಏರುತ್ತಿತ್ತು. ಮನೆಗೆ ಬರುತ್ತಿದ್ದ ಫಿಸಿಯೊಥೆರಪಿಸ್ಟ್ ಹುಡುಗಿ ಅದನ್ನು ನೋಡಿದ ಕೂಡಲೇ “ಅಂಕಲ್, ಭುಜ ಕೆಳಗೆ ಬಿಡಿ” ಎಂದು ಮೊಣಕೈ ಕೆಳಗೆ ಸುತ್ತಿದ ಟವೆಲ್ ಇಟ್ಟರು, ಬಟ್ಟಲನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದರು. ಕೈಗೆ ಆಧಾರ ಸಿಕ್ಕಿತು, ಭುಜ ಇಳಿಯಿತು, ಬೆರಳಿಗೆ ಬೆರಳು ತಾಗಿತು. ಕೆಲಸ ಕೊಟ್ಟವರು ದೊಡ್ಡಮ್ಮ. ಆ ಕೆಲಸವನ್ನು ತಪ್ಪು ರೂಢಿಗೆ ಬೀಳದಂತೆ ತಿದ್ದಿದ್ದು ಓದಿದವರ ಕಣ್ಣು. ಮನೆಯ ಅಭ್ಯಾಸಕ್ಕೆ ಈ ಎರಡೂ ಬೇಕು.

ನಮ್ಮ ಅಡುಗೆಮನೆ, ದೇವರಮನೆಗಳಲ್ಲಿ ಇಂಥ ಕೆಲಸಗಳಿಗೆ ಬರವಿಲ್ಲ. ಹೂ ಕಟ್ಟುವುದಕ್ಕೆ ಎರಡೂ ಕೈ ಬೇಕು. ಲಟ್ಟಣಿಗೆಯ ಮೇಲೆ ಎರಡೂ ಅಂಗೈ ಇಟ್ಟು ಮುಂದಕ್ಕೆ ದೂಡಿದರೆ ಮೊಣಕೈ ನೀಳವಾಗುತ್ತದೆ. ರಂಗೋಲಿ ಪುಡಿ ಬಿಡುವುದು ಬೆರಳಿಗೆ ಸೂಕ್ಷ್ಮ ಪಾಠ. ಟೇಬಲ್ ಮೇಲೆ ಟವೆಲ್ ಹರಡಿ ಸೋತ ಕೈಯಿಂದ ಮುಂದಕ್ಕೂ ಪಕ್ಕಕ್ಕೂ ಜಾರಿಸುವುದು, ಸ್ಟೀಲ್ ಲೋಟವನ್ನು ಒಂದೆಡೆಯಿಂದ ಇನ್ನೊಂದೆಡೆ ಇಡುವುದು, ಒಗೆದ ಬಟ್ಟೆಗೆ ಕ್ಲಿಪ್ ಹಾಕುವುದು ಎಲ್ಲವೂ ವ್ಯಾಯಾಮವೇ. ಜಿಮ್ಮಿನ ಸಾಮಾನು ಕೊಳ್ಳಬೇಕಾಗಿಲ್ಲ. ಕೆನಡಾದಲ್ಲಿ ಜಾನಿಸ್ ಎಂಗ್ ಅವರ ತಂಡ ರೂಪಿಸಿದ ಗ್ರಾಸ್ಪ್ ಎಂಬ ಕ್ರಮವೂ ಇದೇ ಬಗೆಯದು. ಆಸ್ಪತ್ರೆಯಲ್ಲಿದ್ದವರಿಗೆ ಕೈಪಿಡಿ ಮತ್ತು ಸಾಧಾರಣ ಸಾಮಗ್ರಿ ಕೊಟ್ಟು, ಚಿಕಿತ್ಸೆಯ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ತಾವೇ ಮಾಡುವಂತೆ ಹೇಳಿದರು. 103 ಮಂದಿಯ ಮೇಲೆ ನಡೆದ ಆ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕೈಪಿಡಿ ಹಿಡಿದು ಅಭ್ಯಾಸ ಮಾಡಿದವರ ಕೈ ಹೆಚ್ಚು ಸುಧಾರಿಸಿತ್ತು.

ಊಟದ ಕೈ, ತೊಳೆಯುವ ಕೈ

ಪಾಶ್ಚಾತ್ಯ ಕೈಪಿಡಿಗಳಲ್ಲಿ ಸಿಗದ ಒಂದು ಕಷ್ಟ ನಮ್ಮಲ್ಲಿದೆ. ಬಲಗೈ ಸೋತವರು ಎಡಗೈಯಲ್ಲಿ ಉಣ್ಣಲು ಸಂಕೋಚಪಡುತ್ತಾರೆ. ನೆಂಟರ ಎದುರಂತೂ ತಟ್ಟೆ ಮುಟ್ಟುವುದಿಲ್ಲ. ಹಾಗಾಗಿ ಹೆಂಡತಿಯೋ ಸೊಸೆಯೋ ಕಲಸಿ ತುತ್ತು ಕೊಡುತ್ತಾರೆ. ಅಲ್ಲಿಗೆ ದಿನಕ್ಕೆ ಮೂರು ಸಲ ಸಿಗಬಹುದಾಗಿದ್ದ ಅಭ್ಯಾಸ ಹೋಯಿತು. ಮೊದಮೊದಲು ಹಿಡಿ ದಪ್ಪಗಿರುವ ಚಮಚ ಕೊಡಿ. ಚಮಚದ ಹಿಡಿಗೆ ಬಟ್ಟೆ ಸುತ್ತಿದರೂ ಸಾಕು. ಅನ್ನ ಸಾರಿಗಿಂತ ಇಡ್ಲಿ, ಚಪಾತಿಯ ಚೂರು, ಮುದ್ದೆ ಹಿಡಿಯಲು ಸುಲಭ. ಚೆಲ್ಲಿದರೆ ಒರೆಸಿದರಾಯಿತು. ನುಂಗುವಾಗ ಕೆಮ್ಮು ಬರುತ್ತಿದ್ದರೆ ಮಾತ್ರ ಈ ಪ್ರಯತ್ನಕ್ಕಿಂತ ಮುಂಚೆ ವೈದ್ಯರಿಗೆ ತೋರಿಸಬೇಕು. ಆಹಾರ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಎಡಗೈ ಸೋತವರ ಕಷ್ಟ ಬಚ್ಚಲಮನೆಯದು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಶೌಚದ ನಂತರ ಬೇರೆಯವರು ತೊಳೆಯಬೇಕಾದ ಸ್ಥಿತಿ ಎಂಥ ಗಟ್ಟಿ ಮನಸ್ಸಿನವರನ್ನೂ ಕುಗ್ಗಿಸುತ್ತದೆ. ಕಮೋಡಿನ ಪಕ್ಕ ಕೈಗೆಟುಕುವಂತೆ ಗೋಡೆಗೆ ಒಂದು ಹಿಡಿಕೆ, ಒಳ್ಳೆಯ ಕೈಯ ಕಡೆಗೆ ನೀರಿನ ಪೈಪು, ನೆಲಕ್ಕೆ ಜಾರದ ಮ್ಯಾಟು ಹಾಕಿಸಿದರೆ ಎಷ್ಟೋ ಮರ್ಯಾದೆ ಉಳಿಯುತ್ತದೆ. ಬೀಳುವ ಭಯ ತಪ್ಪಿದರೆ ಎದ್ದು ಓಡಾಡುವ ಧೈರ್ಯವೂ ಬರುತ್ತದೆ.

ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಬದಿಯ ಲೋಕವೇ ಗಮನಕ್ಕೆ ಬರುವುದಿಲ್ಲ. ತಟ್ಟೆಯ ಎಡ ಅರ್ಧದ ಪಲ್ಯ ಹಾಗೇ ಉಳಿದಿರುತ್ತದೆ. ಅವರ ಮಂಚದ ಎಡಬದಿ ಗೋಡೆಗೆ ಒತ್ತಿರಬಾರದು. ಮಾತಾಡಿಸುವವರು ಕ್ರಮೇಣ ಎಡಗಡೆಯಿಂದ ಬಂದು ಕೂರಬೇಕು, ನೀರಿನ ಲೋಟ, ಪೇಪರು ಎಡಕ್ಕಿರಬೇಕು.

ಏಳುವುದು, ನಿಲ್ಲುವುದು, ಮೆಟ್ಟಿಲು

ಕಾಲಿನ ವಿಷಯಕ್ಕೆ ಬಂದರೆ, ಕುರ್ಚಿಯಿಂದ ಎದ್ದು ನಿಂತು ಮತ್ತೆ ಕೂರುವ ಅಭ್ಯಾಸಕ್ಕೆ ಸಮನಾದದ್ದು ಕಡಿಮೆ. ಹಗುರ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಸರಿಯುತ್ತದೆ, ಬೇಡ. ಕೈ ಇರುವ ಭಾರದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಎರಡೂ ಪಾದ ಮೊಣಕಾಲಿಗಿಂತ ತುಸು ಹಿಂದಿರಲಿ, ಮೂಗು ಮೊಣಕಾಲಿಗಿಂತ ಮುಂದೆ ಬರುವಷ್ಟು ಬಾಗಿ, ಎರಡೂ ಕಾಲ ಮೇಲೆ ಭಾರ ಹಾಕಿ ಏಳಬೇಕು. ಹೆಚ್ಚಿನವರು ಒಳ್ಳೆಯ ಕಾಲಿನ ಮೇಲೇ ಎದ್ದುಬಿಡುತ್ತಾರೆ. ಸೋತ ಕಾಲನ್ನು ತುಸು ಹಿಂದಕ್ಕೆ ಇಟ್ಟರೆ ಅದಕ್ಕೂ ಪಾಲು ಬರುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಜೊತೆಗಿರುವವರು ಹತ್ತಿಸುವಾಗ ಹಿಂದೆ, ಇಳಿಸುವಾಗ ಮುಂದೆ, ಸೋತ ಬದಿಗೆ ನಿಲ್ಲಬೇಕು. ಹವಾಯಿ ಚಪ್ಪಲಿ ಸೋತ ಪಾದದಿಂದ ಕಳಚಿ ಎಡವಿಸುತ್ತದೆ, ಹಿಂದೆ ಪಟ್ಟಿಯಿರುವ ಚಪ್ಪಲಿ ಒಳ್ಳೆಯದು.

ಮಾಡಬಾರದ್ದೂ ಇದೆ. ಸೋತ ಕೈ ಹಿಡಿದೆಳೆದು ಎಬ್ಬಿಸಬಾರದು. ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲಗೊಂಡಿರುವಾಗ ಎಳೆದರೆ ಕೀಲು ಜಾರುತ್ತದೆ. ಆಮೇಲೆ ಭುಜದ ನೋವೇ ವ್ಯಾಯಾಮಕ್ಕೆ ದೊಡ್ಡ ಅಡ್ಡಿಯಾಗುತ್ತದೆ. ಬಾಗಿಲ ಮೇಲೆ ರಾಟೆ ಕಟ್ಟಿ ಒಳ್ಳೆಯ ಕೈಯಿಂದ ಸೋತ ಕೈಯನ್ನು ಮೇಲಕ್ಕೆ ಎಳೆಯುವ ವ್ಯಾಯಾಮವೂ ಬೇಡವೆಂದು ಅಮೆರಿಕದ ಪಾರ್ಶ್ವವಾಯು ತಜ್ಞರ 2016ರ ಮಾರ್ಗಸೂಚಿ ಹೇಳುತ್ತದೆ. ಕಾರಣ ಮತ್ತೆ ಭುಜವೇ. ಮೆತ್ತನೆಯ ಚೆಂಡು ಕೊಟ್ಟು ದಿನವಿಡೀ ಅಮುಕಿಸುವುದು ಮನೆಮನೆಯ ಪದ್ಧತಿ. ಆದರೆ ಬಹಳ ಮಂದಿಗೆ ಮುಷ್ಟಿ ತಾನಾಗಿಯೇ ಬಿಗಿಯುತ್ತದೆ, ಕಷ್ಟವಿರುವುದು ತೆರೆಯುವುದರಲ್ಲಿ. ಹಿಡಿದದ್ದನ್ನು ಬಿಡುವ ಅಭ್ಯಾಸ ಅವರಿಗೆ ಹೆಚ್ಚು ಬೇಕು.

ಎಣ್ಣೆ ಉಜ್ಜುವುದರ ಬಗ್ಗೆ ಕೇಳದ ಮನೆಯಿಲ್ಲ. ಹಿತವಾಗಿ ಉಜ್ಜಿದರೆ ರೋಗಿಗೆ ಸುಖ, ಉಜ್ಜುವವರಿಗೂ ಏನೋ ಮಾಡಿದೆವೆಂಬ ಸಮಾಧಾನ. ಕೀಲುಗಳು ಬಿಗಿಯದಂತೆ ಬೇರೆಯವರು ಕೈಕಾಲು ಮಡಿಸಿ ನೀಡುವುದಕ್ಕೂ ಅದರದೇ ಸ್ಥಾನವಿದೆ. ಆದರೆ ರೋಗಿ ಸುಮ್ಮನೆ ಮಲಗಿದ್ದು ಇನ್ನೊಬ್ಬರು ದುಡಿದರೆ, ಚಲನೆಯನ್ನು ತಾನೇ ಹೊರಡಿಸುವ ಅಭ್ಯಾಸ ಮಿದುಳಿಗೆ ಆಗುವುದಿಲ್ಲ. ಎಣ್ಣೆಗೆ ಮೀಸಲಿಟ್ಟ ಗಂಟೆಯ ಅರ್ಧವನ್ನಾದರೂ ರೋಗಿಯ ಸ್ವಂತ ಪ್ರಯತ್ನಕ್ಕೆ ಕೊಡಬೇಕು.

ಮನೆಯವರ ಮೇಲೇ ಎಲ್ಲ ಹೊರಿಸಿದರೆ?

ಹಾಗಾದರೆ ಮನೆಯವರಿಗೆ ಕಲಿಸಿಕೊಟ್ಟರೆ ಸಾಕಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ದೊಡ್ಡ ಅಧ್ಯಯನ ಭಾರತದಲ್ಲೇ ನಡೆಯಿತು. ಅಟೆಂಡ್ ಎಂದು ಹೆಸರಾದ ಅದರಲ್ಲಿ ದೇಶದ 14 ಆಸ್ಪತ್ರೆಗಳ 1,250 ರೋಗಿಗಳಿದ್ದರು. ಅರ್ಧದಷ್ಟು ರೋಗಿಗಳ ಮನೆಯವರೊಬ್ಬರಿಗೆ ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟರು, ಉಳಿದವರಿಗೆ ಎಂದಿನ ಚಿಕಿತ್ಸೆ. ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪುಗಳಲ್ಲಿ ಶೇ 47.

ಇದರಿಂದ ಮನೆಯ ವ್ಯಾಯಾಮವೇ ವ್ಯರ್ಥವೆಂದು ತಿಳಿಯಬಾರದು. ಅಲ್ಪ ತರಬೇತಿ ಕೊಟ್ಟು, ಮುಂದಿನದ್ದನ್ನೆಲ್ಲ ಕುಟುಂಬದ ಹೆಗಲಿಗೆ ಹಾಕಿ, ವೃತ್ತಿಪರರ ಜಾಗ ತುಂಬಿತೆಂದುಕೊಂಡರೆ ಸಾಲದು ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ. ಅವಸರವೂ ಒಳ್ಳೆಯದಲ್ಲ. 2015ರ ಅವರ್ಟ್ ಅಧ್ಯಯನದಲ್ಲಿ 2,104 ರೋಗಿಗಳಿದ್ದರು. ಮೊದಲ 24 ಗಂಟೆಯೊಳಗೇ ಎಬ್ಬಿಸಿ ಹೆಚ್ಚು ಹೆಚ್ಚು ಓಡಾಡಿಸಿದವರ ಸ್ಥಿತಿ ಮೂರು ತಿಂಗಳ ಹೊತ್ತಿಗೆ ಎಂದಿನ ಆರೈಕೆ ಪಡೆದವರಿಗಿಂತ ಹಿಂದಿತ್ತು. ಯಾವಾಗ, ಎಷ್ಟು, ಹೇಗೆ ಎಂಬುದನ್ನು ಬಲ್ಲವರು ನಿರ್ಧರಿಸಬೇಕು. ಮನೆಯವರು ಅದನ್ನು ದಿನವೂ ನಡೆಸಬೇಕು. ಕೆಲವು ವಾರಕ್ಕೊಮ್ಮೆ ಬಲ್ಲವರು ಮತ್ತೆ ನೋಡಿ ಬದಲಾಯಿಸಬೇಕು.

ಕಷ್ಟವಿರುವುದು ಖರ್ಚಿನಲ್ಲಿ. ದಿನವೂ ಮನೆಗೆ ಬರುವ ಫಿಸಿಯೊಥೆರಪಿಸ್ಟ್ ಶುಲ್ಕ ತಿಂಗಳಿಗೆ ಕೂಡಿಸಿದರೆ ಪಿಂಚಣಿಯ ದೊಡ್ಡ ಪಾಲು ಹೋಗುತ್ತದೆ. ಹೆಚ್ಚಿನ ವಿಮೆಗಳು ಆಸ್ಪತ್ರೆಯಿಂದ ಹೊರಬಂದ ಮೇಲಿನ ಈ ಖರ್ಚನ್ನು ಭರಿಸುವುದಿಲ್ಲ, ಭರಿಸಿದರೂ ಅರೆಬರೆ. ದಿನವೂ ಕರೆಸಲು ಆಗದವರು ವಾರಕ್ಕೊಮ್ಮೆ ಕರೆಸಿ, ಮುಂದಿನ ವಾರದ ಪಾಠ ಬರೆಸಿಕೊಂಡು, ಮೊಬೈಲಿನಲ್ಲಿ ವಿಡಿಯೊ ಹಿಡಿದುಕೊಳ್ಳಬಹುದು. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರ ಜನವರಿಯಲ್ಲಿ ಆರಂಭಿಸಿದ ‘ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್’ ಮೊದಲ ಹಂತದಲ್ಲಿ ಆರಿಸಿಕೊಂಡ ಜಾಗಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳ ಜೊತೆಗೆ ಜಯನಗರ ಜನರಲ್ ಆಸ್ಪತ್ರೆಯೂ ಇತ್ತು. ಪಾರ್ಶ್ವವಾಯುವಿನಂಥ ಕಾಯಿಲೆಗಳಿಗೆ ಹತ್ತಿರದ ಆಸ್ಪತ್ರೆಯಲ್ಲೇ ನೆರವು ಸಿಗಬೇಕೆಂಬುದು ಅದರ ಆಶಯ. ಆ ಆಶಯ ಮನೆಯ ವ್ಯಾಯಾಮದವರೆಗೂ ಚಾಚಬೇಕು.

ಮನಸ್ಸು, ಮಾತು ಮತ್ತು ಬೀದಿ

ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ವ್ಯಾಯಾಮ ಮಾಡಲು ಒಲ್ಲೆನೆನ್ನುವವರನ್ನು ಸೋಮಾರಿ, ಹಟಮಾರಿ ಎನ್ನುವ ಮೊದಲು ಇದನ್ನು ನೆನೆಯಬೇಕು. ಇದಕ್ಕೆ ಚಿಕಿತ್ಸೆ ಇದೆ. ಮಾತು ಹೋದವರಿಗೆ ಅರ್ಥವಾಗುವುದೇ ಇಲ್ಲವೆಂದುಕೊಂಡು ಅವರ ಎದುರೇ ಅವರ ಬಗ್ಗೆ ಮಾತಾಡುವುದು ಇನ್ನೊಂದು ಕ್ರೌರ್ಯ. ಒಂದು ವಾಕ್ಯ ಹೇಳಲಾಗದವರು ವಾರದ ಹೆಸರುಗಳನ್ನು ಸಾಲಾಗಿ ಹೇಳುವುದು, ಬಾಲ್ಯದಲ್ಲಿ ಕಲಿತ ದೇವರನಾಮವನ್ನು ಹಾಡಿಬಿಡುವುದು ಉಂಟು. ಮಾತಿನ ಚಿಕಿತ್ಸಕರು ಅಲ್ಲಿಂದಲೇ ಎಳೆ ಹಿಡಿಯುತ್ತಾರೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದಾಗಿ ಕನ್ನಡದಲ್ಲೇ ಮಾತಿನ ಪರೀಕ್ಷೆ, ಅಭ್ಯಾಸ ಸಾಮಗ್ರಿಗಳು ರೂಪುಗೊಂಡಿವೆ. ಅವನ್ನು ಕೇಳಿ ಪಡೆಯಬೇಕು.

ಆರೈಕೆ ಮಾಡುವವರ ಬೆನ್ನು, ನಿದ್ದೆ, ಮನಸ್ಸು ಕೂಡ ಲೆಕ್ಕಕ್ಕೆ ಬರಬೇಕು. ಹೆಚ್ಚಿನ ಮನೆಗಳಲ್ಲಿ ಆ ಭಾರ ಒಬ್ಬಳೇ ಹೆಂಗಸಿನ ಮೇಲೆ ಬೀಳುತ್ತದೆ. ಮಗ ಬೆಳಗಿನ ವ್ಯಾಯಾಮ ವಹಿಸಿಕೊಳ್ಳಬಹುದು, ಮೊಮ್ಮಗಳು ಸಂಜೆ ಎದುರು ಕೂತು ಚೌಕಾಬಾರ ಆಡಬಹುದು. ಕವಡೆ ಹಾಕುವುದು, ಕಾಯಿ ನಡೆಸುವುದು ಸೋತ ಕೈಯಿಂದಲೇ ಆಗಲಿ.

ಮನೆಯೊಳಗೆ ಗಳಿಸಿದ್ದು ಬೀದಿಯಲ್ಲಿ ಉಳಿಯಬೇಕಾದರೆ ಊರೂ ಸಹಕರಿಸಬೇಕು. ಜಯನಗರ, ಜೆ.ಪಿ. ನಗರಗಳಲ್ಲಿ ಪಾರ್ಕುಗಳಿವೆ, ನೆರಳಿದೆ. ಆದರೆ ಪಾರ್ಕಿನವರೆಗಿನ ಫುಟ್‌ಪಾತಿನಲ್ಲಿ ಎದ್ದ ಕಲ್ಲು, ಅಡ್ಡ ನಿಂತ ಸ್ಕೂಟರು, ಎತ್ತರದ ಅಂಚು. ಕೋಲು ಹಿಡಿದು ಕಾಲೆಳೆಯುತ್ತ ನಡೆಯುವವರಿಗೆ ಒಂದೇ ಅಂಗುಲದ ಏರುಪೇರೂ ಬೀಳಿಸಲು ಸಾಕು. ಫುಟ್‌ಪಾತ್ ಸರಿಪಡಿಸುವುದೂ ಪುನಶ್ಚೇತನದ ಕೆಲಸವೇ. ಶಾಶ್ವತವಾಗಿ ಉಳಿದ ಊನ ಶೇ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಪತ್ರ ಸಿಕ್ಕರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಕೆಲವು ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ಸಂಕೋಚಪಡದೆ ಅರ್ಜಿ ಹಾಕಬೇಕು.

ಚೇತರಿಕೆ ಮೊದಲ ಮೂರು ತಿಂಗಳಲ್ಲಿ ವೇಗವಾಗಿರುತ್ತದೆ, ಆಮೇಲೆ ನಿಧಾನಿಸುತ್ತದೆ. ಹಾಗೆಂದು ಆರು ತಿಂಗಳಾದ ಮೇಲೆ ಬಾಗಿಲು ಮುಚ್ಚಿತೆಂದು ಯಾರೂ ಹೇಳಬಾರದು. ಎಲ್ಲರ ಕೈಯೂ ಮೊದಲಿನಂತಾಗುವುದಿಲ್ಲ, ಇದೂ ನಿಜ. ಆದರೆ ತಾನೇ ಎದ್ದು ಬಚ್ಚಲಿಗೆ ಹೋಗುವವರಿಗೂ ಇನ್ನೊಬ್ಬರನ್ನು ಕೂಗಿ ಕರೆಯಬೇಕಾದವರಿಗೂ ಇರುವ ವ್ಯತ್ಯಾಸ ಒಂದಿಡೀ ಬದುಕಿನದು.

ಆದ್ದರಿಂದ ಆಸ್ಪತ್ರೆ ಬಿಡುವ ಮುನ್ನ ಬಿಲ್ಲು ಕೇಳುವಷ್ಟೇ ಗಟ್ಟಿಯಾಗಿ ಇವನ್ನೂ ಕೇಳಿ: ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳನ್ನು ಕನ್ನಡದಲ್ಲಿ ಬರೆದುಕೊಡಿ, ನಮ್ಮ ಕೈಯಿಂದ ಒಮ್ಮೆ ಮಾಡಿಸಿ ತೋರಿಸಿ, ಯಾವುದು ಅಪಾಯವೆಂದು ಹೇಳಿ, ಮತ್ತೆ ಯಾವಾಗ ಬಂದು ತೋರಿಸಬೇಕೆಂದು ದಿನಾಂಕ ಹಾಕಿಕೊಡಿ. ಮನೆಗೆ ಬಂದ ಮೇಲೆ, ರೋಗಿ ನಿಧಾನವಾಗಿಯಾದರೂ ಮಾಡಬಲ್ಲ ಕೆಲಸವನ್ನು ಅವರಿಗೇ ಬಿಡಿ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಹತ್ತು ನಿಮಿಷ ಬೇಕಾದರೆ, ಆ ಹತ್ತು ನಿಮಿಷ ಕಾಯುವುದೇ ಮನೆಯವರು ಕೊಡಬಹುದಾದ ಚಿಕಿತ್ಸೆ.